ತಳದಲ್ಲಿ ಹೆಸರಿದ್ದ ಡಬ್ಬಿ

ನಮ್ಮ ಕಡೆ ಹೊಸಬರು ಕಂಡರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಅಡ್ಡಹೆಸರು. ಅಷ್ಟಕ್ಕೂ ಪತ್ತೆಯಾಗಲಿಲ್ಲ ಎಂದರೆ, "ಹಂಗಾರ ನೀವು ಯಾರ ಪೈಕಿ?" ಎಂದು ನೇರವಾಗಿ ಜಾತಿಗೇ ಇಳಿಯುತ್ತಾರೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದು ಅಡ್ಡಹೆಸರಿದ್ದವರು ನಗುನಗುತ್ತ ಹೇಳಿಬಿಡುತ್ತಾರೆ. ಅವರಿಗೇನು, ಅಡುಗೆಮನೆಯ ಹೆಸರು. ನಮ್ಮದು ಊರವರು ನಮ್ಮ ಮುತ್ತಾತನ ಕೈಲಿ ಬಿಟ್ಟಿ ಮಾಡಿಸುತ್ತಿದ್ದ ಕೆಲಸದಿಂದ ಬಂದ ಹೆಸರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯಲ್ಲಿ ಈ ಹೆಸರಿನವರು ಬೇಕಾದಷ್ಟು ಜನ ಇದ್ದೇವೆ, ಹಾಗಾಗಿ ಕೇಳಿದವರಿಗೆ ನಮ್ಮ ಕೇರಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕೆಲಸ ಬಿಟ್ಟು ತಲೆಮಾರುಗಳೇ ಆದವು, ಹೆಸರು ನಮ್ಮನ್ನು ಬಿಡಲಿಲ್ಲ. ಅಪ್ಪ ನನ್ನನ್ನು ಶಾಲೆಗೆ ಸೇರಿಸುವಾಗ ಅದನ್ನು ತೆಗೆಸಿ, ಊರಿನ ಇನಿಶಿಯಲ್ ಒಂದನ್ನು ಹಾಕಿಸಿದ. ಇಲ್ಲಿಯೂ ನಾನು ಅದನ್ನು ಬರೆಯುವುದಿಲ್ಲ. ಧೈರ್ಯವಿಲ್ಲ.

ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಮನೆಯವರು ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದಾರೆ. ಮಗಳು ಏಳನೇ ಕ್ಲಾಸು. ಮೊದಲು ಹರಪನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಅಡ್ಡಹೆಸರನ್ನು ಮಾಲೀಕರ ಕಿವಿಗೆ ಹಾಕಿದರು. ಮಾಲೀಕರು ಬೈಯಲಿಲ್ಲ, ಕೂಗಾಡಲಿಲ್ಲ. ಕೈ ಮುಗಿದು, "ನಮ್ಮ ತಮ್ಮ ಬರಾಕತ್ಯಾನ್ರಿ, ಮನಿ ಬೇಕಾಗೇತಿ" ಎಂದರು. ನಾವು ಬಿಟ್ಟ ವಾರಕ್ಕೇ ಆ ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡು ಬಿತ್ತು. ತಮ್ಮ ಎಲ್ಲಿ ಹಾಳಾಗಿ ಹೋದನೋ. ಮಗಳು ಮಾತ್ರ ಗೆಳತಿಯರನ್ನು ಬಿಟ್ಟು ಬಂದ ದುಃಖಕ್ಕೆ ತಿಂಗಳುಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಇನ್ನೊಮ್ಮೆ ಆಕೆಗೆ ಹಾಗಾಗಬಾರದು ಎಂಬುದೊಂದೇ ನನಗಿದ್ದದ್ದು.

ಕೊಟ್ಟೂರಿನಲ್ಲಿ ಸಿಕ್ಕಿದ್ದು ಮಹಡಿ ಮನೆ. ಕೆಳಗೆ ಮಾಲೀಕರ ಸಂಸಾರ. ಮನೆಯ ಸೊಸೆ ನನಗಿಂತ ದೊಡ್ಡವಳು, ಬಿ.ಎ. ಓದಿದವಳು, ನಾನು ಅಕ್ಕ ಎನ್ನುತ್ತೇನೆ. ಆಕೆಯ ಅತ್ತೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಒಂದಕ್ಷರ ಬಿಡದೆ ಓದುವ ಮುದುಕಿ. ಮನೆ ನೋಡಲು ಹೋದ ದಿನವೇ ಯಾರ ಪೈಕಿ ಎಂದು ಕೇಳಿದ್ದಳು. "ಬಾಗಳಿ ಕಡೆಯವರ್ರಿ" ಎಂದೆ. ಆಕೆ ಆ ಕಡೆಯ ಯಾವುದೋ ಮನೆತನ ನೆನೆಸಿಕೊಂಡು, "ಹಂಗಾರ ನಮ್ಮವರ ಆತು ಬಿಡ್ರಿ" ಎಂದಳು. ನಾನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಬುದ್ಧನ ಫೋಟೋ ನಡುಮನೆಯಿಂದ ಮಲಗುವ ಕೋಣೆಗೆ ಹೋಯಿತು. ಮೊಟ್ಟೆಯ ಸಿಪ್ಪೆ ಪೇಪರಿನಲ್ಲಿ ಸುತ್ತಿಕೊಂಡು ನನ್ನ ಬ್ಯಾಗಿನಲ್ಲಿ ಶಾಲೆಯ ದಾರಿ ಹಿಡಿಯಿತು.

ಪಂಚಮಿಗೆ ಅವ್ವ ಊರಿನಿಂದ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಬಂದಳು. ಅಕ್ಕ ತನ್ನ ಮನೆಯ ಉಂಡಿ ಹಿಡಿದು ಮೇಲೆ ಬಂದಾಗ ಬರಿಗೈಯಲ್ಲಿ ಕಳಿಸಬಾರದೆಂದು, ಅವ್ವನ ಸ್ಟೀಲ್ ಡಬ್ಬಿಯನ್ನು ಹಾಗೇ ಎತ್ತಿ ಕೊಟ್ಟೆ. ಅವ್ವ ಸ್ನಾನ ಮುಗಿಸಿ ಬಂದು ಡಬ್ಬಿ ಎಲ್ಲಿ ಎಂದಳು. ಕೆಳಗೆ ಕೊಟ್ಟೆ ಎಂದೆ.

"ತಳದಾಗ ನಮ್ಮ ಹೆಸರು ಐತಲ್ಲ ಯವ್ವಾ."

ಮದುವೆ ಮನೆಯಲ್ಲಿ ಪಾತ್ರೆ ಅದಲುಬದಲಾಗದಿರಲಿ ಎಂದು ನಮ್ಮಲ್ಲಿ ಪಾತ್ರೆಗೆ ಹೆಸರು ಹೊಡೆಸುತ್ತಾರೆ. ಅಂಗಡಿಯವನು ಗುರ್ ಎನ್ನುವ ಮಿಷನ್ನಿನಿಂದ ಚುಕ್ಕೆ ಚುಕ್ಕೆಯಾಗಿ ಬರೆದುಕೊಡುತ್ತಾನೆ. ಅಪ್ಪ ಶಾಲೆಯಲ್ಲಿ ಅಷ್ಟು ಜತನದಿಂದ ತೆಗೆಸಿದ ಅಡ್ಡಹೆಸರನ್ನು ಅವ್ವ ಲೋಟ, ತಟ್ಟೆ, ಸೌಟು ಒಂದನ್ನೂ ಬಿಡದೆ ಹೊಡೆಸಿದ್ದಳು. ಅವಳ ದುಡಿಮೆಯ ಪಾತ್ರೆ, ಅವಳ ಹೆಮ್ಮೆ. ಬೈಯಲು ನನಗೆ ಬಾಯಿ ಬರಲಿಲ್ಲ.

ಸಂಜೆ ಮನೆಯವರಿಗೆ ಹೇಳಿದೆ. "ಡಬ್ಬಿ ತಳ ಯಾರು ನೋಡ್ತಾರ ಬಿಡು" ಎಂದರು.

"ತೊಳಿಯೋರು ನೋಡ್ತಾರ" ಎಂದೆ. ಅವರೂ ಆಮೇಲೆ ಸರಿಯಾಗಿ ಊಟ ಮಾಡಲಿಲ್ಲ.

ಹೋಗಿ ಕೇಳುವಂತಿಲ್ಲ. ಕೇಳಿದರೆ ನಾನೇ ತೋರಿಸಿಕೊಟ್ಟ ಹಾಗೆ. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯೂ ಇಲ್ಲವಲ್ಲ, ಏನಾದರೂ ಮಾಡಿದಾಗ ತುಂಬಿ ಕೊಡುತ್ತಾರೆ ಎಂದು ಕಾದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಸಾಕು, ಯಾವ ತಮ್ಮ ಬರುತ್ತಾನೋ ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಕೆಳಗೆ ಮುದುಕಿ ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು.

ಆ ವಾರವೇ ಬಾಗಳಿಯ ಕಲ್ಲೇಶ್ವರ ಗುಡಿಯ ಶಿಲ್ಪ ನೋಡಲು ಜರ್ಮನಿಯ ಹೆಂಗಸೊಬ್ಬರು ಬಂದರು. ಜೊತೆಗೆ ಹೋಗಿ ಬಾ ಎಂದು ಹೆಡ್‌ಮಾಸ್ತರು ನನ್ನನ್ನು ಕಳಿಸಿದರು. ನೆರೆತ ಕೂದಲು, ಆರಡಿ ಎತ್ತರ, ಕ್ಲಾಸಿಗೆ ಪಾಠ ಮಾಡುವ ಗಟ್ಟಿ ದನಿ. ಅಡ್ಡಹೆಸರು ಕ್ಲೈನ್. ಗುಡಿಯ ಕಂಬಕ್ಕೊರಗಿ ನೀರು ಕುಡಿಯುತ್ತ ಆಕೆ ಅದರ ಕತೆ ಹೇಳಿದರು. ಕ್ಲೈನ್ ಎಂದರೆ ಸಣ್ಣ. ಒಂದೇ ಹೆಸರಿನವರು ಊರಲ್ಲಿ ಇಬ್ಬರಿದ್ದರೆ ಗಿಡ್ಡನನ್ನೋ ಕಿರಿಯನನ್ನೋ ಹಾಗೆ ಕರೆಯುತ್ತಿದ್ದರಂತೆ. ಮುಂದೆ ಅಲ್ಲಿನ ದೊರೆಗಳು, ಯಹೂದಿಗಳಿಗೂ ಅಡ್ಡಹೆಸರು ಇರಲೇಬೇಕೆಂದು ಅಪ್ಪಣೆ ಮಾಡಿದಾಗ ಎಷ್ಟೋ ಯಹೂದಿ ಮನೆತನಗಳಿಗೂ ಅದೇ ಬಂತು. ಈಗಲೂ ಜರ್ಮನಿಯಲ್ಲಿ ಯಾವ ಊರಿಗೆ ಹೋದರೂ ಒಬ್ಬ ಕ್ಲೈನ್ ಸಿಗುತ್ತಾನೆ. ಹೆಸರು ಕೇಳಿದರೆ ಯಾರ ಪೈಕಿ ಎಂದು ತಿಳಿಯುವುದಿಲ್ಲ. ಯಹೂದಿಯಾಗಿದ್ದ ಅವರ ಅಜ್ಜಿಗೆ ಅದೇ ಧೈರ್ಯವಾಗಿತ್ತು.

"ಆಮೇಲೆ ಬಂದ ಸರ್ಕಾರ, ಯಹೂದಿಗಳು ತಮ್ಮ ಹೆಸರಿಗೆ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕು ಅಂತ ಕಾನೂನು ಮಾಡಿತು. ನೋಡಿದ ಕೂಡಲೇ ಗೊತ್ತಾಗಲಿ ಅಂತ. ಅಜ್ಜಿ ದೇಶ ಬಿಟ್ಟು ಓಡಿದಳು, ಉಳಿದಳು. ಅವಳ ಅಕ್ಕ ಓಡಲಿಲ್ಲ" ಎಂದರು. ಅವರು ನೀರಿನ ಬಾಟಲಿ ಮುಚ್ಚಿ ಮತ್ತೆ ಕ್ಯಾಮೆರಾ ಎತ್ತಿಕೊಂಡರು.

ವಾಪಸು ಬಂದಾಗ ಮನೆಗೆ ಕರೆದೆ. ಮೆಟ್ಟಿಲು ಹತ್ತುವ ಮೊದಲೇ ಅಕ್ಕ, "ಚಾ ಇಟ್ಟೀನಿ, ಒಳಗ ಬರ್ರಿ ಟೀಚರ್" ಎಂದು ಕೂಗಿದಳು. ನಾನು ಮೊದಲು ಆಕೆಯ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಮುದುಕಿ ಪೇಪರ್ ಮಡಿಚಿ ಅತಿಥಿಯನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು.

"ಇವರ ಅಡ್ಡಹೆಸರೇನು? ಯಾರ ಪೈಕಿ, ಕೇಳ್ರಿ ಟೀಚರ್."

"ಕ್ಲೈನ್ ಅಂತ್ರಿ ಅಮ್ಮಾರ. ಸಣ್ಣ ಅಂತ ಅರ್ಥ."

"ತೆಂಗಿನಮರ ಇದ್ದಂಗ ಅದಾಳ, ಸಣ್ಣ ಅಂತ ಯಾರಿಟ್ರೋ" ಎಂದು ಮುದುಕಿ ನಕ್ಕಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅತಿಥಿಯೂ ನಕ್ಕರು. ನಕ್ಕವರು ಅದೇ ಲಹರಿಯಲ್ಲಿ ನನ್ನ ಕಡೆ ತಿರುಗಿ, "ಕೇಳುವುದೇ ಮರೆತೆ, ನಿಮ್ಮ ಸರ್‌ನೇಮ್ ಏನು? ಅದರ ಅರ್ಥವೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಏನ ಕೇಳಾಕತ್ತಾಳ?" ಎಂದಳು ಮುದುಕಿ.

ನಾನು ಕಪ್ಪು ಬಸಿಯನ್ನು ಕೆಳಗಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ನಡುವೆ ಬಾಯಿ ಹಾಕಿದಳು.

"ಚಾಕ್ಕ ಏನ್ ಹಾಕೀರಿ ಅಂತ ಕೇಳಾಕತ್ತಾರ, ಅತ್ತಿ. ಶುಂಠಿ ಅಂತ ಹೇಳ್ರಿ ಟೀಚರ್. ಹಂಗ ಒಂಚೂರು ಒಳಗ ಬರ್ರಿ."

ಇಂಗ್ಲಿಷ್ ಬರುವ ಅಕ್ಕ ಸುಳ್ಳು ಹೇಳಿದಳು ಎಂದು ಅರ್ಥವಾಗಲು ನನಗೆ ಅಡುಗೆಮನೆಯವರೆಗೆ ನಡೆಯಬೇಕಾಯಿತು. ಆಕೆ ಹಿಟ್ಟಿನ ಡ್ರಮ್ಮಿನ ಹಿಂದಿನಿಂದ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಡಬ್ಬಿ ತೆಗೆದಳು. ತುಂಬ ಸಕ್ಕರೆ ಇತ್ತು.

"ಉಂಡಿ ಚಲೋ ಇದ್ವು. ಅತ್ತಿನೂ ತಿಂದ್ರು" ಎಂದಳು. ಆಮೇಲೆ ದನಿ ಇಳಿಸಿದಳು. "ಇನ್ನ ಮ್ಯಾಲೆ ಹೆಸರಿಲ್ಲದ ಡಬ್ಬಿ ಕೊಡ್ರಿ ಟೀಚರ್. ನಮ್ಮತ್ತಿ ಎಲ್ಲಾ ಓದ್ತಾರ."

ಹೇಳುತ್ತಲೇ ಆಕೆಯೂ ನಡುಮನೆಯ ಕಡೆ ಒಮ್ಮೆ ನೋಡಿದಳು. ಕಾಲಿಗೆ ಬೀಳಬೇಕೋ, ಡಬ್ಬಿಯನ್ನು ಅಲ್ಲೇ ಒಗೆದು ಬರಬೇಕೋ ನನಗೆ ತಿಳಿಯಲಿಲ್ಲ. ಮನೆ ಉಳಿಯಿತು, ಮಗಳ ಶಾಲೆ ಉಳಿಯಿತು. ಭಯ ಮಾತ್ರ ಹೋಗಲಿಲ್ಲ. ಇಷ್ಟು ದಿನ ನಾವು ಮಹಡಿಯವರಷ್ಟೇ ಮುಚ್ಚಿಟ್ಟುಕೊಂಡದ್ದನ್ನು ಇನ್ನು ಆಕೆಯೂ ಮುಚ್ಚಿಡಬೇಕು. ಆಗಲಿ ಅಕ್ಕ ಎಂದು ಹೇಳಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅತಿಥಿಯನ್ನು ಕರೆದುಕೊಂಡು ಮೇಲೆ ಬಂದೆ.

ಮೇಲೆ ಅತಿಥಿ ತೆರೆದಿದ್ದ ಮಲಗುವ ಕೋಣೆಯಲ್ಲಿ ಬುದ್ಧನ ಫೋಟೋ ನೋಡಿದರು, ನನ್ನ ಕೈಯ ಡಬ್ಬಿ ನೋಡಿದರು, ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಎಂದು ನೆನಪಿಸಿದರು. ನಾನು ಸಕ್ಕರೆಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ಬೋರಲು ಹಾಕಿ ತಳ ತೋರಿಸಿದೆ. ಓದಲು ಬರದ ಆ ಚುಕ್ಕೆಗಳ ಮೇಲೆ ಆಕೆ ಬೆರಳಾಡಿಸಿದರು. ನಾನು ಹೆಸರು ಹೇಳಿದೆ, ಅದರ ಅರ್ಥವನ್ನೂ ಹೇಳಿದೆ. ಆಕೆ ಉಚ್ಚಾರಣೆ ಕಲಿಯಲೆಂದು ಅದನ್ನು ತಮ್ಮ ಪಾಠದ ದನಿಯಲ್ಲಿ ಗಟ್ಟಿಯಾಗಿ ಹೇಳಿದರು. ನನ್ನ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಯಿತು.

ಆಕೆ ಅದನ್ನು ನೋಡಿದರು. ಇನ್ನೊಮ್ಮೆ ಹೇಳಿದರು, ಈ ಸಲ ಪಿಸುಮಾತಿನಲ್ಲಿ. ಯಾಕೆ ಎಂದು ಕೇಳಲಿಲ್ಲ.