ಗಬ್ಬದ ಕುರಿಯ ಪಾಲು

ಕಳೆದ ಬುಧವಾರ ಬೆಳಿಗ್ಗೆ ಚಿತ್ತಾಪುರ ರಸ್ತೆಯಲ್ಲಿ ತೊಗರಿ ಹೊಟ್ಟು ಹೇರಿದ್ದ ಟ್ರಾಕ್ಟರ್ ಮಗುಚಿತು. ಯಾರಿಗೂ ಗಾಯವಾಗಲಿಲ್ಲ. ವರದಿಗೆಂದು ಹೋಗಿದ್ದೆ. ಬಿಸಿಲಿಗೆ ಕಾದ ಹೊಟ್ಟಿನ ಒಣ ವಾಸನೆ ಮೂಗಿಗೆ ಬಡಿದಾಗ ದಂಡೋತಿಯ ನಮ್ಮ ಮಗ್ಗುಲ ಮನೆಯ ಆಯಿ ನೆನಪಾದಳು...

ಗಂಡ ತೀರಿದ ಮೇಲೆ ಆಯಿಯ ಹಿಂಡಿಗೆ ಮೈದುನನೇ ಯಜಮಾನ. ಈಯುವ ಮುಂಚಿನ ತಿಂಗಳು ಗಬ್ಬದ ಕುರಿಗೆ ಮೇವು ಕಡಿಮೆ ಮಾಡುವುದು ಆ ಮನೆಯ ರೂಢಿ. ಮರಿ ಸಣ್ಣದಾದರೆ ಹೆರಿಗೆ ಸಲೀಸು ಎಂಬ ನಂಬಿಕೆ. ಒಂದು ಕರಿ ಕುರಿ ಎರಡು ಸಲ ತೀರಾ ಸಣ್ಣ ಮರಿ ಹಾಕಿತು. ಎರಡೂ ಬದುಕಲಿಲ್ಲ. ಅದು ಮತ್ತೆ ಗಬ್ಬವಾಗಿದ್ದರೂ ಮೈದುನ ಸಂತೆಯಲ್ಲಿ ಕಟುಕನಿಗೆ ಕೊಡಲು ಹೊರಟ. ಆಯಿ ಅಡ್ಡ ನಿಂತಳು.

"ಎಲ್ಲಕ್ಕೂ ತಗರು ಒಂದೇ ಅದ ವೈನಿ. ಉಳಿದವು ಛಲೋ ಮರಿ ಹಾಕ್ಯಾವ. ದೋಷ ಇದರದೇ."

"ಉಳಿದವು ಮೈ ತುಂಬಿದವು, ತಡಕೊಂಡಾವ. ಇದು ಮೊದಲೇ ಬಡಕಲು. ತಗರು ಕೊಡೋದು ರಕ್ತ. ಜಾಗ ತಾಯಿದು, ಕೂಳು ತಾಯಿದು. ಆ ಕೂಳೇ ನೀ ಕಸಗೊಂಡೀದಿ."

"ಹೊಟ್ಟಿ ತುಂಬ ಹಾಕಿ ಮರಿ ಸಿಕ್ಕೊಂಡ್ರ?"

"ನಿಮ್ಮವ್ವ ನಿನ್ನ ಹಡಿಯೋ ಮುಂದ ಉಪಾಸ ಇದ್ದಿದ್ಳೇನೋ? ಅದಕ್ಕ ನಿನ್ನ ತಲಿ ಬೆಳದೇ ಇಲ್ಲ."

ಆಯಿ ಕುರಿಯನ್ನು ತನ್ನ ಮಂಚದ ಕಾಲಿಗೆ ಕಟ್ಟಿಕೊಂಡಳು. ಈ ಸಲವೂ ಮರಿ ಉಳಿಯದಿದ್ದರೆ ತಾನೇ ಸಂತೆಗೆ ಒಯ್ಯುವುದಾಗಿ ಹೇಳಿ, ಎರಡು ಹೊತ್ತು ಹೊಟ್ಟು, ಜೋಳದ ನುಚ್ಚು ಹಾಕಿದಳು.

"ಸೊಸಿಗಿ ಬಯಕಿ ಊಟ ಮಾಡ್ಸಾಕತ್ತೀಯೇನ ಆಯಿ?" ಎಂದು ಓಣಿಯವರು ಕೆಣಕುತ್ತಿದ್ದರು.

"ಹೂಂ, ತೊಟ್ಟಿಲಿಗೂ ಕರೀತೀನಿ, ಬರ್ರಿ."

ಮರಿ ನಿಜಕ್ಕೂ ಸಿಕ್ಕಿಕೊಂಡಿತು. ಮೈದುನನ ಭಯ ಪೂರಾ ಸುಳ್ಳಾಗಿರಲಿಲ್ಲ. ಆಯಿ ಕೈಗೆ ಎಣ್ಣೆ ಹಚ್ಚಿಕೊಂಡು, ಕುರಿ ತಿಣುಕಿದಾಗಷ್ಟೇ ಎಳೆಯುತ್ತ, ಬಹಳ ಹೊತ್ತು ಕುಳಿತಳು. ಕಡೆಗೆ ಹೆಣ್ಣುಮರಿ ಬಂತು, ತಾಯಿಯೂ ಉಳಿಯಿತು. ಹುಟ್ಟಿದ ಮರಿಯನ್ನು ತೂಗಿದರೆ ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ಆಯಿ ಅದನ್ನು ಮೈದುನನ ಕೈಯಿಂದಲೇ ತೂಗಿಸಿದಳು. ತುಂಬಿದ ಮರಿ, ಮೂರು ಕಿಲೋ.

ಆ ಮರಿ ಬೆಳೆದು ಗಬ್ಬವಾದಾಗ ಅಷ್ಟೇ ಮೇವು ಹಾಕಿದರೂ ಸಣ್ಣ ಮರಿಯನ್ನೇ ಈಯಿತು. ಆಯಿ ಅದನ್ನೂ ಮುಚ್ಚಿಡಲಿಲ್ಲ. "ಇದು ರಕ್ತದಾಗ ಬಂದದ್ದು, ಖರೆ. ಆದ್ರ ಉಪಾಸ ಕೆಡವಿ ರಕ್ತಕ್ಕ ಬೈಬ್ಯಾಡ್ರಿ" ಎಂದಳು.

ಆಯಿ ತೀರಿಕೊಂಡು ಮೂರು ವರ್ಷ. ಮಣ್ಣಿಗೆ ಹೋಗಲು ನನಗಾಗಲಿಲ್ಲ... ಬುಧವಾರ ಸಂಜೆ ದಂಡೋತಿಗೆ ಹೋದೆ. ಮಂಚ ಇಲ್ಲ. ಹಿಂಡು ಅರ್ಧಕ್ಕೆ ಇಳಿದಿದೆ. ಕರಿ ಕುರಿಯ ಹಲ್ಲು ಉದುರಿವೆ, ಈಯುವುದು ನಿಂತಿದೆ. ಅದು ಮೈದುನನ ಅಂಗಳದಲ್ಲಿದೆ. ಅಂಬಲಿ ಅವನೇ ಕುಡಿಸುತ್ತಾನೆ.