ಗೋಡೆಯ ಮೇಲಿನ ಪಯೋನಿಯರಿಂಗ್

ಇದನ್ನು ಬರೆಯುವುದನ್ನು ನಾಲ್ಕು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕನ್ನಡಕ ಸರಿಯಿಲ್ಲ ಅಂದೆ. ಕಣ್ಣಿನ ಆಪರೇಷನ್ ಆದ ಮೇಲೆ ಬಿಸಿಲು ಜಾಸ್ತಿ ಅಂದೆ. ಬಳ್ಳಾರಿ ಸೀಮೆಯಲ್ಲಿ ಆ ನೆಪ ವರ್ಷದಲ್ಲಿ ಎಂಟು ತಿಂಗಳು ನಡೆಯುತ್ತದೆ. ಕೊನೆಗೆ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಇಂಗ್ಲಿಷ್ ಪದ.

ಕುರುಗೋಡಿನ ನಮ್ಮ ಮನೆಯಲ್ಲಿ ಸೊಸೆ ಫೋನಿನಲ್ಲಿ ಇಂಗ್ಲಿಷ್ ಕಲಿಯುತ್ತಾಳೆ. ಬಳ್ಳಾರಿಯ ಯಾವುದಾದರೂ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿಯಬೇಕೆಂದು ಅವಳ ಆಸೆ. ಪಾಠದವರು ದಿನಕ್ಕೊಂದು ಪದ ಕಳಿಸುತ್ತಾರೆ. ಅದನ್ನು ಬಳಸಿ ಮನೆಯವರ ಬಗ್ಗೆ ವಾಕ್ಯ ಮಾಡಬೇಕು, ಸುಳ್ಳು ಬರೆಯಬಾರದು. ಅವಳು ರೊಟ್ಟಿ ಬಡಿಯುತ್ತಲೇ ವಾಕ್ಯ ಮಾಡುತ್ತಾಳೆ. ಈಚೆಗೆ ನಮ್ಮ ಎಮ್ಮೆ ಕೂಡ ಇಂಗ್ಲಿಷಿನಲ್ಲಿ ಹೇಳಿದರೇ ಹಾಲು ಇಳಿಸುವುದು.

ಆವತ್ತು ಬಂದ ಪದ ಪಯೋನಿಯರಿಂಗ್. ಯಾರೂ ಮಾಡದ್ದನ್ನು ಮೊದಲು ಮಾಡಿ ದಾರಿ ತೋರಿಸಿದವರ ಕೆಲಸಕ್ಕೆ ಹಾಗೆನ್ನುತ್ತಾರೆ ಎಂದು ಫೋನು ಕನ್ನಡದಲ್ಲೂ ಹೇಳಿತು.

"ಅತ್ತಿ, ಕೇಳ್ರಿ. ಮೈ ಮದರ್-ಇನ್-ಲಾ ಡಸ್ ಪಯೋನಿಯರಿಂಗ್ ವರ್ಕ್ ಇನ್ ಉಪ್ಪಿನಕಾಯಿ."

"ಉಪ್ಪಿನಕಾಯಿಗೆ ಇಂಗ್ಲಿಷ್ ಇಲ್ಲೇನು?" ನನ್ನ ಹೆಂಡತಿ ಕೇಳಿದಳು.

"ಐತ್ರಿ. ಅದು ನಾಳಿ ಪಾಠ."

"ನಾ ಏನ್ ಮೊದಲ್ನೇದಾಕಿ ಅಲ್ಲ. ನಮ್ಮವ್ವ ಹಾಕ್ತಿದ್ಲು, ಅವರವ್ವ ಹಾಕ್ತಿದ್ಲು. ಸುಳ್ಳದು, ಹೊಡದು ಹಾಕು."

"ಹಂಗಾರ ಇದು ತಗೋರಿ. ಮೈ ಹಸ್ಬೆಂಡ್ ಈಸ್ ಪಯೋನಿಯರಿಂಗ್ ಇನ್ ಸ್ಲೀಪಿಂಗ್."

"ಅದೂ ಹೊಡಿ. ಅವನಪ್ಪ ಇಲ್ಲೇ ಕುಂತಾರ. ನಿದ್ದ್ಯಾಗ ಅವರಕಿಂತ ಮೊದಲು ಯಾರದಾರ?"

ಸೊಸೆ ನಕ್ಕು ನನ್ನ ಕಡೆ ತಿರುಗಿದಳು. "ಮಾವಾರ, ಖರೇ ವಾಕ್ಯ ನಿಮ್ಮದ ನೋಡ್ರಿ. ಆ ಪದ ನಮ್ಮ ಗ್ವಾಡಿ ಮ್ಯಾಲನ ಐತಿ."

ಐತಿ, ನಿಜ. ನನ್ನ ಸನ್ಮಾನ ಪತ್ರ ಕಟ್ಟು ಹಾಕಿಸಿಕೊಂಡು ಗೋಡೆಯಲ್ಲಿದೆ. ನನ್ನ ಹೆಸರಿನ ಕೆಳಗೆ ಪಯೋನಿಯರಿಂಗ್ ವರ್ಕ್ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಹೆಂಡತಿ ಈ ಸಲ ಹೊಡೆದು ಹಾಕು ಎನ್ನಲಿಲ್ಲ. ಎದ್ದು ಹಿತ್ತಲಿಗೆ ಹೋದಳು.

ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವ ಮಾಸ್ತರನಾಗಿದ್ದೆ. ಉಳಿದ ತುಂಡುಗಳನ್ನು ಮಾಲೀಕರು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು. ನಾನು ಅವನ್ನು ಚೀಲಕ್ಕೆ ತುಂಬಿ ಸಿರುಗುಪ್ಪದ ಹತ್ತಿರದ ಕರೂರಿನಲ್ಲಿದ್ದ ನನ್ನ ಹೆಂಡತಿಯ ತಂಗಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದು ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರ ಕೈಯನ್ನು ಭತ್ತದ ಗರಿ ಗೀರುತ್ತದೆ. ಅದಕ್ಕೆ ಅವರು ಗಂಡಂದಿರ ಹಳೆಯ ಅಂಗಿ ತೊಟ್ಟು ಗದ್ದೆಗಿಳಿಯುತ್ತಾರೆ. ಅದು ಬೆವರಿಗೆ ಮೈಗಂಟಿ ಜೀವ ತಿನ್ನುತ್ತದೆ. ಅವಳು ತೆಳು ಜೀನ್ಸಿನ ತುಂಡುಗಳನ್ನು ಕೂಡಿಸಿ, ಎರಡೂ ತುದಿಗೆ ಎಲಾಸ್ಟಿಕ್ ಕೊಟ್ಟು, ಬರೀ ತೋಳು ಹೊಲಿದಳು. ಅಂಗಿಯಿಲ್ಲದ ತೋಳು. ಊರು ನಕ್ಕಿತು, ನಾನೂ ನಕ್ಕೆ. ಮುಂದಿನ ಹಂಗಾಮಿಗೆ ಕರೂರಿನ ಕೂಲಿ ಗುಂಪುಗಳೆಲ್ಲ ಅದನ್ನೇ ಹಾಕಿಕೊಂಡು ಇಳಿದವು. ಆಗ ನಾನು ನಗುವುದು ಬಿಟ್ಟು ಸಿರುಗುಪ್ಪದ ಸಂತೆಗೆ, ಬಾದನಹಟ್ಟಿಗೆ ಒಯ್ದು ಮಾರತೊಡಗಿದೆ. ಮಾರುವವನ ಮುಖ ಎಲ್ಲರಿಗೂ ಪರಿಚಯವಾಯಿತು.

ಬಳ್ಳಾರಿಯ ಒಂದು ಸಂಘದವರು ಬಂದು ಇದನ್ನು ಮೊದಲು ಮಾಡಿದವರು ಯಾರು ಎಂದು ಕೇಳಿದರು. "ನಾನ ರೀ," ಅಂದೆ. ಬಾಯಿ ತಪ್ಪಿ ಬಂತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ತಪ್ಪಿ ಬಂದದ್ದಲ್ಲ.

ನಮ್ಮ ಕಡೆ ಗಂಡ ಹೆಂಡತಿಯನ್ನು ಜೋಡಿಯಾಗಿ ಕೂರಿಸಿ ಸನ್ಮಾನ ಮಾಡುತ್ತಾರೆ. ಶಾಲು ನನ್ನ ಹೆಗಲಿಗೆ, ಹಣ್ಣಿನ ಬುಟ್ಟಿ ಅವಳ ಮಡಿಲಿಗೆ. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಅವಳ ಮುಂದೆ ಮೈಕು ಹಿಡಿದು, "ಅಮ್ಮಾರ, ಈ ತೋಳಿನ ವಿಚಾರ ನಿಮ್ಮ ಯಜಮಾನ್ರಿಗೆ ಹೆಂಗ ಹೊಳೀತ್ರಿ?" ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಬುಟ್ಟಿಯಲ್ಲಿ ಸೇಬು ಎಷ್ಟಿವೆ ಎಂದು ನೋಡಿದೆ. ನಾಲ್ಕು ಜನರೆದುರು ಗಂಡನ ಮಾತು ಮುರಿಯುವ ರೂಢಿ ಅವಳದಲ್ಲ.

"ಅವರಿಗೆ ಏನಾರ ಹೊಳೀತಾನ ಇರ್ತೈತ್ರಿ," ಎಂದಳು. ಸಭೆ ಚಪ್ಪಾಳೆ ತಟ್ಟಿತು. ನಾವು ಮನೆ ಮುಟ್ಟುವ ಮೊದಲೇ ಅದರ ವಿಡಿಯೋ ಕರೂರು ಮುಟ್ಟಿತ್ತು.

ಆ ವರ್ಷದಿಂದ ಅವಳು ನಾಗರ ಪಂಚಮಿಗೆ ತವರಿಗೆ ಹೋಗುವುದನ್ನು ಬಿಟ್ಟಳು. ಮೊಣಕಾಲು ನೋವು ಎಂದಳು. ಅದೇ ಮೊಣಕಾಲಿನಲ್ಲಿ ಶ್ರಾವಣದಲ್ಲಿ ಕುರುಗೋಡಿನ ಗುಡ್ಡ ಹತ್ತಿ ಇಳಿಯುತ್ತಿದ್ದಳು. ಪಂಚಮಿ ಉಂಡಿ ಮಾತ್ರ ಪ್ರತಿ ವರ್ಷ ಕಟ್ಟುತ್ತಾಳೆ, ನಾವೇ ತಿಂದು ಮುಗಿಸುತ್ತೇವೆ. ಯಾಕೆ ಹೋಗುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು.

ಸೊಸೆಯ ಪಾಠವಾದ ಮರುದಿನ ಒಬ್ಬನೇ ಕರೂರಿಗೆ ಹೋದೆ. ಹೆಂಡತಿಯ ತಂಗಿ ಮಷೀನು ತುಳಿಯುತ್ತಿದ್ದವಳು ನಿಲ್ಲಿಸಲಿಲ್ಲ.

"ಬರ್ರಿ ಭಾವಾ. ಮತ್ತೇನ್ ಹೊಸಾದು ಹೊಳೀತು?"

"ತಪ್ಪಾತವ್ವಾ. ನೀ ಮಾಡಿದ್ದನ್ನ ನಾ ಮಾಡೀನಿ ಅಂತ ಹೇಳ್ಕೊಂಡೆ."

"ಇದನ್ನ ಹೇಳಾಕ ನಾಲ್ಕು ವರ್ಷ ಬೇಕಾತೇನು? ಸಿರುಗುಪ್ಪದಿಂದ ಬಸ್ಸು ದಿನಾ ಅದಾವು."

"ಸಿಟ್ಟೈತೇನು?"

"ಇತ್ತು. ತೋಳು ಹೊಲ್ಯಾಕ ಕುಂತ್ರ ಸಿಟ್ಟು ಮಾಡಾಕ ಪುರುಸೊತ್ತು ಎಲ್ಲೈತಿ?" ಆಗ ಮಷೀನು ನಿಲ್ಲಿಸಿದಳು. "ನನಗ ಇನ್ನೊಂದು ಹೊಳೀತೈತಿ ಭಾವಾ, ನಂದು ಬಿಡ್ರಿ. ನಮ್ಮಕ್ಕ ನನಗ ಮುಖ ತೋರ್ಸಾಕ ಆಗದ ನಾಲ್ಕು ಪಂಚಮಿ ಬಂದಿಲ್ಲ. ತಪ್ಪು ನಿಮ್ಮದು, ನಾಚಿಕಿ ಅಕಿಗೆ. ಹೋಗಿ ಅಕೀ ಮುಂದ ತಪ್ಪಾತಂತ ಹೇಳ್ರಿ."

ಬಸ್ಸಿನಲ್ಲಿ ಒಂದು ವಾಕ್ಯ ಕೂಡಿಸಿಕೊಂಡು ಬಂದೆ. ಹತ್ತನೇ ಇಯತ್ತೆಯ ಇಂಗ್ಲಿಷಿಗೆ ಸಿರುಗುಪ್ಪದಿಂದ ಕುರುಗೋಡಿನವರೆಗೆ ಸಮಯ ಹಿಡಿಯಿತು. ಮನೆಗೆ ಬಂದು ಸೊಸೆಗೆ ಹೇಳಿದೆ: "ಬರಕೋ. ಮೈ ವೈಫ್ಸ್ ಸಿಸ್ಟರ್ ಡಿಡ್ ದಿಸ್ ಪಯೋನಿಯರಿಂಗ್ ವರ್ಕ್. ನಾಟ್ ಮೀ." ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು, ಬರೆದುಕೊಂಡಳು. ಒಲೆಯ ಮುಂದಿದ್ದ ಹೆಂಡತಿಗೂ ಕೇಳಿಸಿತು. ಇಂಗ್ಲಿಷ್ ಬಾರದವಳು ಅವಳು. ಆದರೂ ಹಂಚಿನ ಮೇಲೆ ಒಂದು ರೊಟ್ಟಿ ಸೀದುಹೋಯಿತು.

ಸಂಘದವರಿಗೆ ಕಾಗದ ಬರೆದು ತಪ್ಪೊಪ್ಪಿಕೊಂಡಿದ್ದೇನೆ. ಕರೂರಿಗೆ ಹೋಗಿ ಬಂದಿದ್ದೇನೆ. ಈಗ ನಿಮ್ಮ ಮುಂದೆಯೂ ಹೇಳಿದೆ. ದೂರದವರ ಹತ್ತಿರ ತಪ್ಪಾಯಿತು ಎನ್ನುವುದು ಸುಲಭ. ದಿನಕ್ಕೆರಡು ಹೊತ್ತು ಎದುರು ಕೂತು ಬಡಿಸುವವಳ ಮುಂದೆ ಬಾಯಿ ತೆರೆದರೆ, ಸಾರಿಗೆ ಉಪ್ಪು ಕಡಿಮೆ ಎಂಬ ಮಾತು ಹೊರಬರುತ್ತದೆ. ಅವಳು ಉಪ್ಪು ತಂದು ಹಾಕುತ್ತಾಳೆ. ನಾನು ಇನ್ನೂ ಕ್ಷಮೆ ಕೇಳದಿರುವುದು ಅವಳೊಬ್ಬಳನ್ನೇ, ನನ್ನ ಹೆಂಡತಿಯನ್ನು.