ಹುಳು ಮನೆಯ ಸಿಡಿ

ನನ್ನ ಲ್ಯಾಪ್‌ಟಾಪಿನಲ್ಲಿ ‘ನಾಲ್ಕನೇ ಜ್ವರ’ ಎಂಬ ಹೆಸರಿನ ಫೋಲ್ಡರ್ ಇತ್ತು. ಅದರೊಳಗೆ ಐದು ತೆಲುಗು ಪ್ರೇಮಗೀತೆಗಳಿದ್ದವು.

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಹೀಗೆ ಕೂರುತ್ತದೆ. ಹಾಡು ಕೇಳಿಸಿದರೆ ಹುಳು ಚೆನ್ನಾಗಿ ಮೇಯುತ್ತದೆ ಎಂಬುದು ಚಿಕ್ಕಪ್ಪನ ಸಿದ್ಧಾಂತ. ನಾನು ಓದಿದ ಪ್ರಾಣಿಶಾಸ್ತ್ರದಲ್ಲಿ ಹಾಗೇನೂ ಇರಲಿಲ್ಲ. ಆದರೆ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದು ಒಂದು ಸಿಡಿಯನ್ನು ಮಾತ್ರ. ಹುಳು ಮನೆಯ ಹಳೆಯ ಪ್ಲೇಯರಿನಲ್ಲಿ ಪೆನ್ ಡ್ರೈವ್ ಹಾಕುವ ಕಿಂಡಿ, ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿ ತುಂಬಿ ಕೆಟ್ಟಿತ್ತು.

ಚಿಕ್ಕಪ್ಪ ಪಕ್ಕದಲ್ಲೇ ಕೂತು ವಿಂಗಡಿಸಿದರು. ಬೆಳಿಗ್ಗೆ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿಗೆ ಭಕ್ತಿಗೀತೆ, ಮಧ್ಯಾಹ್ನದ ಸೊಪ್ಪಿಗೆ ಜನಪದ, ಸಂಜೆಗೆ ಅವರ ಕಾಲೇಜು ದಿನಗಳ ಸಿನಿಮಾ ಹಾಡು. ಎಲ್ಲವೂ ಕನ್ನಡ.

ಹುಳು ಮನೆಯಲ್ಲಿ ದಿನವಿಡೀ ಇರುವವರು ಮಾತ್ರ ಚಿಕ್ಕಮ್ಮ. ಅವರ ತವರು ಚಿಂತಾಮಣಿಯ ಆಚೆ, ಮನೆಮಾತು ತೆಲುಗು.

“ಈ ಬೆಳೆಗಾದ್ರೂ ನಂದೂ ಒಂದೆರಡು ಹಾಡು ಹಾಕಮ್ಮ,” ಎಂದರು ನನಗೆ.

“ನಮ್ಮ ಹುಳಕ್ಕೆ ತೆಲುಗು ಬರಲ್ಲ,” ಎಂದರು ಚಿಕ್ಕಪ್ಪ.

“ನಿಮಗೂ ಬರ್ತಿರ್ಲಿಲ್ಲ. ಮದ್ವೆ ಆದ್ಮೇಲೆ ಕಲೀಲಿಲ್ವಾ?”

“ನಾನು ಹೆದರ್ಕೊಂಡು ಕಲ್ತೆ. ಹುಳಕ್ಕೇನು ಭಯ?”

ಕೊನೆಗೆ ಚಿಕ್ಕಪ್ಪ ತೀರ್ಪು ಕೊಟ್ಟರು: ‘ನಾಲ್ಕನೇ ಜ್ವರ’ ಎಂದು ಹೊಸ ಫೋಲ್ಡರ್ ಮಾಡಿ ತೆಲುಗನ್ನು ಅದಕ್ಕೆ ಹಾಕುವುದು. ಆಗ ಹುಳು ಹೇಗೂ ಮೇಯುವುದಿಲ್ಲ, ನಷ್ಟವಿಲ್ಲ. ನಾನು ಹೇಳಿದಂತೆ ಮಾಡಿದೆ. ಸಿಡಿ ಬಿಸಿಬಿಸಿಯಾಗಿ ಹೊರಬಂದ ಮೇಲೆ ಚಿಕ್ಕಮ್ಮನಿಗೆ ಹೊಳೆಯಿತು.

“ಅಯ್ಯೋ ದೇವುಡಾ! ಜ್ವರಕ್ಕೆ ಕೂತಾಗ ಸೊಪ್ಪು ಹಾಕಂಗೇ ಇಲ್ವಲ್ಲೇ. ನಾನ್ಯಾಕೆ ಆ ಕಡೆ ಹೋಗ್ತೀನಿ?”

ಚಿಕ್ಕಪ್ಪ ಆಗಲೇ ಟವೆಲ್ಲು ಹೆಗಲಿಗೇರಿಸಿ ಹೊರಟುಬಿಟ್ಟಿದ್ದರು.

ನಾಲ್ಕನೇ ಜ್ವರ ಕಳೆದ ಮೇಲೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥದ್ದೊಂದು ಮಧ್ಯಾಹ್ನ ಚಿಕ್ಕಪ್ಪ ದರ ವಿಚಾರಿಸಲು ಗೂಡಿನ ಮಾರುಕಟ್ಟೆಗೆ ಹೋಗಿದ್ದಾಗ, ಚಿಕ್ಕಮ್ಮ ರಿಮೋಟನ್ನು ನನ್ನ ಕೈಗಿಟ್ಟರು. ನಾನು ‘ನಾಲ್ಕನೇ ಜ್ವರ’ದ ಫೋಲ್ಡರಿಗೆ ಬದಲಿಸಿದೆ. ಅವರು ಸೊಪ್ಪು ಹರಡುತ್ತಾ ಗಟ್ಟಿಯಾಗಿ ಜೊತೆಗೆ ಹಾಡತೊಡಗಿದರು. ಬೈಕ್ ಬಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಚಿಕ್ಕಪ್ಪ ಕಾಲು ತೊಳೆದು ಒಳಗೆ ಬಂದು ಹುಳುಗಳ ಮೇಲೆ ಬಗ್ಗಿದರು. ಚಿಕ್ಕಮ್ಮ ಮೊದಲು ಸೊಪ್ಪು ಹರಡಿದ ಕಡೆ ಆಗಲೇ ಬರೀ ಕಡ್ಡಿ ಉಳಿದಿತ್ತು.

“ಇದು ಜ್ವರದ ಹಾಡಲ್ವಾ?”

“ಹೂಂ. ನೋಡ್ಕೊಳ್ಳಿ, ಹೆಂಗ್ ಮೇಯ್ತಾವೆ. ನಿಮ್ಮ ಜನಪದಕ್ಕೆ ಅರ್ಧ ಸೊಪ್ಪು ಹಂಗೇ ಬಿಡ್ತಿದ್ವು.”

ಅದು ಅಪ್ಪಟ ಸುಳ್ಳು. ಆ ವಯಸ್ಸಿನ ಹುಳು ಟ್ರ್ಯಾಕ್ಟರಿನ ಸದ್ದಿಗೂ ಹಾಗೇ ಮೇಯುತ್ತದೆ. ಆದರೆ ಸಿದ್ಧಾಂತ ಚಿಕ್ಕಪ್ಪನದು. ಅದನ್ನು ಬಿಟ್ಟುಕೊಡದೆ ಹಾಡು ನಿಲ್ಲಿಸುವ ದಾರಿ ಅವರಿಗೆ ಕಾಣಲಿಲ್ಲ.

ಚಿಕ್ಕಪ್ಪ ನನ್ನನ್ನೇ ಗದರಿದರು: “ಐದೇ ಹಾಡು ಹಾಕಿದ್ರೆ ಹುಳಕ್ಕೆ ಬೇಜಾರಾಗಲ್ವೇನಮ್ಮ? ಇನ್ನೊಂದು ಸಿಡಿ ಮಾಡು.”

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಚಿಕ್ಕಮ್ಮನ ಹಿಂದೆ ತೋಟಕ್ಕೆ ಹೋದೆ. ಅವರಿಗೆ ಯಾವ ಹಾಡಿನ ಸಿನಿಮಾ ಹೆಸರೂ ಗೊತ್ತಿರಲಿಲ್ಲ. ಸೊಪ್ಪು ಕೊಯ್ಯುತ್ತಾ ಒಂದೊಂದರ ಮೊದಲ ಸಾಲು ಹಾಡಿದರು. ಲ್ಯಾಪ್‌ಟಾಪಿನಲ್ಲಿ ಹುಡುಕಿದಾಗ ಸಿಕ್ಕ ಸಾಹಿತ್ಯ ಇದೇನಾ ಎಂದು ಖಚಿತಪಡಿಸಿಕೊಳ್ಳಲು, ಯಾರ ಮುಂದೆಯೂ ಹಾಡದ ನಾನು, ಸುತ್ತ ಯಾರೂ ಇಲ್ಲವೆಂದು ನೋಡಿ, ಎರಡನೇ ಸಾಲನ್ನು ಹಾಡಿದೆ.